ಎಡಗೈಗೆ ಹೊಂದುವ ಕತ್ತರಿ

ಇಲೋಇಲೋ ಪಟ್ಟಣದಲ್ಲಿ ಮೇಡಂ ಪೆರ್ಲಾ ಅವರ ಸಲೂನಿಗೆ ಎರಡು ಕೋಣೆ. ಮುಂದಿನದು ಮನುಷ್ಯರಿಗೆ, ಹಿಂದಿನದು ನಾಯಿಗಳಿಗೆ. ನಾನು ಕೆಲಸ ಕಲಿಯಲು ಸೇರಿದಾಗ, ನಮಗೆಲ್ಲ ಅಕ್ಕನಂತಿದ್ದ ಮಾನಾಂಗ್ ಬಿಸಿಂಗ್ ಹಿಂದಿನ ಕೋಣೆಯಲ್ಲಿದ್ದರು.

ಮೊದಲು ಅವರೂ ಮುಂದೆಯೇ ಇದ್ದವರು. ಆದರೆ ಎಡಚರು. ಸಲೂನಿನ ಕತ್ತರಿಗಳೆಲ್ಲ ಬಲಗೈಯವು. ಎಡಗೈಯಲ್ಲಿ ಹಿಡಿದರೆ ಅಲಗುಗಳು ಬಿಟ್ಟುಕೊಂಡು, ಕೂದಲು ಕತ್ತರಿಸದೆ ನಡುವೆ ಮಡಚಿಕೊಳ್ಳುತ್ತಿತ್ತು. ಅಲಗುಗಳನ್ನು ಕೂಡಿಸಲು ಪ್ರತಿ ಸಲವೂ ಹೆಬ್ಬೆರಳನ್ನು ಒಳಕ್ಕೆ ಎಳೆಯಬೇಕಿತ್ತು. ಸೇರಿದ ಹೊಸದರಲ್ಲೇ ಅವರು ಎಡಗೈಯ ಕತ್ತರಿ ಕೇಳಿದ್ದರಂತೆ.

"ಇವತ್ತು ಬೇರೆ ಕತ್ತರಿ, ನಾಳೆ ಬೇರೆ ಕನ್ನಡಿ ಕೇಳ್ತೀಯ! ಕೈ ಪಳಗಿಸ್ಕೋ ಹೋಗು" ಎಂದಿದ್ದರು ಪೆರ್ಲಾ.

ಮಾನಾಂಗ್ ಮತ್ತೆ ಕೇಳಲಿಲ್ಲ. ವರ್ಷಗಳು ಕಳೆದಂತೆ ಹೆಬ್ಬೆರಳ ಬುಡ ಊದಿಕೊಂಡಿತು. ಮಡಚಿದ ಬೆರಳು ಹಾಗೇ ಸಿಕ್ಕಿಕೊಂಡು, ಇನ್ನೊಂದು ಕೈಯಿಂದ ಬಿಡಿಸಿಕೊಳ್ಳಬೇಕಾಯಿತು. ಕತ್ತರಿಸಿದ ಸಾಲು ಸೊಟ್ಟಗಾಗತೊಡಗಿದಾಗ ಅವರನ್ನು ನಾಯಿಗಳ ಕೋಣೆಗೆ ಕಳಿಸಿದರು. ತಮ್ಮ ಕೈಯೇ ಕೆಟ್ಟದ್ದೆಂದು ಮಾನಾಂಗ್ ನಂಬಿಬಿಟ್ಟಿದ್ದರು.

ಒಂದು ದಿನ ಬಿಳಿ ಪೂಡಲ್ ನಾಯಿಯ ಕಿವಿಯ ಕೂದಲು ಸರಿಮಾಡುವಾಗ ಬೆರಳು ಸಿಕ್ಕಿಕೊಂಡಿತು. ನಾಯಿ ಕೊಸರಿತು. ಕಿವಿಯ ತುದಿ ಹರಿದು ರಕ್ತ ಮೇಜಿನ ಮೇಲೆಲ್ಲ ಚೆಲ್ಲಿತು.

"ಕಟುಕರ ಅಂಗಡಿಗೆ ಸೇರ್ಕೋಬೇಕಿತ್ತು ನೀನು!" ಎಂದು ನಾಯಿಯ ಒಡತಿ ಕಿರುಚಿದಳು. ಮಾನಾಂಗ್ ಮೇಜು ಒರೆಸಿದರು.

ಅದಾದ ಕೆಲವೇ ದಿನಗಳಿಗೆ ಪೆರ್ಲಾ ನನಗೊಂದು ಹಳೆಯ ಕತ್ತರಿ ಕೊಟ್ಟರು. ನಾನೂ ಎಡಚಿ. ನಾನು ಎಡಗೈ ಚಾಚಿದ್ದನ್ನು ಕಂಡು ಮಾನಾಂಗ್ ಆ ಕತ್ತರಿಯನ್ನು ಕಿತ್ತುಕೊಂಡರು.

"ಬೇಡ ಇಂದಾಯ್. ನಡಿ ನನ್ ಜೊತೆ."

ಪೇಟೆಯ ಅಂಗಡಿಯಲ್ಲಿ ಎಡಗೈಯ ಕತ್ತರಿಗಳಿದ್ದವು. ನಾನು ಗುಲಾಬಿ ಬಣ್ಣದ್ದೊಂದನ್ನು ಎತ್ತಿಕೊಂಡೆ.

"ಮದುವೆ ಹೆಣ್ಣು ನೋಡಕ್ಕೆ ಬಂದಿದೀಯಾ? ಬಣ್ಣ ಬಿಡು, ಬೆರಳು ನೋಡು" ಎಂದು ಗದರಿದರು. ಅಲಗನ್ನು ನನ್ನ ನಡುಬೆರಳಿಗೆ ಹಿಡಿದು ಉದ್ದ ನೋಡಿದರು. "ಹೆಬ್ಬೆರಳು ಹಿಡಿಯ ಉಂಗುರದೊಳಗೆ ಉಗುರಿನ ಬುಡದ ತನಕ ಹೋದ್ರೆ ಸಾಕು. ಗೆಣ್ಣು ದಾಟಿದ್ರೆ ಉಂಗುರ ದೊಡ್ಡದಾಯ್ತು, ಒಳಗೆ ರಬ್ಬರ್ ಹಾಕಿಸ್ಕೋ. ಈಗ ಕತ್ತರಿಸು. ನೋವಾಗುತ್ತಾ?"

"ಇಲ್ಲ ಮಾನಾಂಗ್. ನೀವೂ ಒಂದ್ಸಲ ಹಿಡೀರಿ."

ಹಿಂಜರಿಯುತ್ತಲೇ ಎಡಗೈಯ ಕತ್ತರಿಯನ್ನು ಹಿಡಿದರು. ಅಂಗಡಿಯವನು ಕೊಟ್ಟ ಕೂದಲ ಎಳೆಯ ಮೇಲೆ ಎರಡು ಸಲ ಆಡಿಸಿದರು. ಹೆಬ್ಬೆರಳನ್ನು ಎಳೆಯುವುದೇನೂ ಬೇಕಿರಲಿಲ್ಲ, ಕೂದಲು ನೆಟ್ಟಗೆ ಕತ್ತರಿಸಿಕೊಂಡು ಬಿತ್ತು. ಅವರು ಅದನ್ನೇ ನೋಡುತ್ತ ನಿಂತರು.

"ನನ್ ಕೈ ಸರಿಯಾಗೇ ಇತ್ತಲ್ಲೇ" ಎಂದರು, ಬಹಳ ಮೆಲ್ಲಗೆ.

ಇನ್ನೊಂದು ಸಲ ಆಡಿಸಲು ಹೋದಾಗ ಹೆಬ್ಬೆರಳು ಉಂಗುರದೊಳಗೇ ಬಿಗಿದುಕೊಂಡಿತು. ನಾನೇ ಬಿಡಿಸಿದೆ.

ಆಮೇಲೆ ಆಸ್ಪತ್ರೆಯಲ್ಲಿ ಅವರ ಹೆಬ್ಬೆರಳ ಬುಡ ಕೊಯ್ದು ನೋಡಿದರು. ತಡವಾಗಿತ್ತು, ಬೆರಳು ಮರದಂತೆ ಸೆಟೆದು ನಿಂತಿತು. ಕೆಲಕಾಲ ನಾಯಿಗಳಿಗೆ ಸ್ನಾನ ಮಾಡಿಸಿದರು. ಕೊಸರುವ ನಾಯಿಯನ್ನು ಹಿಡಿಯಲಾಗುತ್ತಿರಲಿಲ್ಲ. ಕ್ರಿಸ್‌ಮಸ್ಸಿಗೆ ಮೊದಲೇ ಪೆರ್ಲಾ ಮಾನಾಂಗ್‌ರನ್ನು ಕೆಲಸದಿಂದ ಬಿಡಿಸಿದರು.

ಈಸ್ಟರ್ ರಜೆಯಲ್ಲಿ ನಾನು ದೋಣಿ ಹತ್ತಿ, ಗಿಮಾರಸ್ ದ್ವೀಪದಲ್ಲಿರುವ ಅವರ ತಂಗಿಯ ಮನೆಗೆ ಹೋದೆ. ಊಟಕ್ಕೆ ಕೂತಿದ್ದರು.

"ಕೈ ನೋಯ್ತಿಲ್ಲ ತಾನೇ ನಿಂಗೆ?" ಎಂದು ಕೇಳಿದರು.

"ಇಲ್ಲ ಮಾನಾಂಗ್."

ತಲೆಯಾಡಿಸಿದರು. ತಂಗಿಯ ಮಗಳು ಮೀನಿನ ಮುಳ್ಳು ಬಿಡಿಸಿ ಅವರ ತಟ್ಟೆಗೆ ಹಾಕುತ್ತಿದ್ದಳು. ಅವಳು ಮುಗಿಸುವವರೆಗೆ ಮಾನಾಂಗ್ ಅನ್ನ ಮುಟ್ಟದೆ ಕಾದರು.