ಮಗಳನ್ನು ಕಳಿಸಿ ಎಂದವರಿಗೆ

ಬೆಲ್ಟು ಸಡಿಲವಾದ ಟೇಪ್ ರೆಕಾರ್ಡರ್ ಸರಿಯಾದ ವೇಗದಲ್ಲಿ ಓಡುವುದಿಲ್ಲ. ಒಂದು ಕಾಲಕ್ಕೆ ಮನೆಯಲ್ಲಿ ಅಂಥದ್ದೊಂದು ಇಟ್ಟುಕೊಂಡಿದ್ದವರಿಗೆಲ್ಲ ಇದು ಗೊತ್ತು. ನಿಧಾನವಾಗಿ ಓಡುವ ಯಂತ್ರದಲ್ಲಿ ಹಾಡಿ, ಆ ಟೇಪನ್ನು ನೆಟ್ಟಗೆ ಓಡುವ ಯಂತ್ರಕ್ಕೆ ಹಾಕಿದರೆ ಹಾಡು ಅವಸರ ಮಾಡುತ್ತದೆ, ದನಿ ತೆಳ್ಳಗಾಗುತ್ತದೆ, ನಲವತ್ತು ದಾಟಿದ ಹೆಂಗಸು ಇಪ್ಪತ್ತರ ಹುಡುಗಿಯಾಗುತ್ತಾಳೆ. ಇದರಲ್ಲಿ ಪವಾಡವೂ ಇಲ್ಲ, ಮೋಸವೂ ಇಲ್ಲ. ಮೋಸ ಆಮೇಲೆ ಶುರುವಾಯಿತು, ಅದರಲ್ಲಿ ನಿಮ್ಮ ಪಾಲೂ ಇದೆ.

ಆ ಹೆಂಗಸು ಬಸ್ ನಿಲ್ದಾಣದ ಹಿಂದಿನ ರಸ್ತೆಯ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಾಳೆ. ಗಾಜಿನ ಮೇಲೆ ಸದಾ ಹಬೆ ಕೂತಿರುವ ಅಂಗಡಿ. ಬೆಳಗ್ಗೆ ಮೇಜಿನ ಮುಂದೆ ನಿಂತರೆ ಸಂಜೆಯವರೆಗೆ ಕೂರುವ ಮಾತಿಲ್ಲ. ಹಬೆ ಬಿಡುವ ಪೆಡಲು ಬಲಗಾಲಿನ ಕೆಳಗೆ. ಒತ್ತಿದರೆ ಉಸ್ ಎನ್ನುತ್ತದೆ, ಬಿಟ್ಟರೆ ಟಕ್ ಎನ್ನುತ್ತದೆ. ಆ ತಾಳಕ್ಕೆ ಗುನುಗುತ್ತಾ ಗುನುಗುತ್ತಾ ಅವಳು ಹಾಡು ಕಟ್ಟಿದಳು. ಕೊನೆಯ ಬಸ್ಸು ಕಣ್ಣೆದುರೇ ಹೊರಟುಹೋದಾಗ ಓಡದೆ ನಿಂತುಬಿಟ್ಟ ಒಬ್ಬಳ ಹಾಡು. ನಿಮ್ಮ ಫೋನಿನಲ್ಲೂ ಇದೆ, ಇಲ್ಲ ಅನ್ನಬೇಡಿ.

ಬ್ಯಾಂಡಿನಲ್ಲಿ ಮೂರೇ ಜನ. ಗಿಟಾರು ಮತ್ತು ಗಂಟಲು ಅವಳದ್ದು. ಬೇಸ್ ಗಿಟಾರು ಬೇಕರಿಯಲ್ಲಿ ಬ್ರೆಡ್ಡು ಬೇಯಿಸುವವನದ್ದು. ಆಳು ಕಡ್ಡಿಯ ಹಾಗಿದ್ದರೂ ಎಲ್ಲರೂ ಅವನನ್ನು ದಪ್ಪ ತಂತಿ ಎಂದೇ ಕರೆಯುವುದು. ಕಂಪ್ಯೂಟರಿನ ತಾಳ ಅವಳ ತಮ್ಮನದ್ದು. ಅವನಿಗೆ ಮೊಬೈಲ್ ರಿಪೇರಿ ಅಂಗಡಿಯಿದೆ. ಗಿಟಾರಿನ ನಡುಗುವ ನಾದ ಅಜ್ಜನ ಕಾಲದ್ದು, ಅದರಡಿಯ ಧಡಧಡ ಮೊಮ್ಮಗನ ಕಾಲದ್ದು. ಕಂಪನಿಯಿಲ್ಲ, ಯಜಮಾನನಿಲ್ಲ, ತಾವೇ ಹಾಡಿ ತಾವೇ ಇಂಟರ್ನೆಟ್ಟಿಗೆ ಹಾಕುವವರು. ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಒಗೆದ ಕೋಟುಗಳೂ ಕಂಬಳಿಗಳೂ ಸಾಲಾಗಿ ತೂಗುತ್ತವೆ. ಅವು ಗೋಡೆಯ ಮಾರ್ದನಿಯನ್ನು ನುಂಗಿಬಿಡುವುದರಿಂದ ಅಲ್ಲೇ ರೆಕಾರ್ಡಿಂಗು. ಅವಳೂ ದಪ್ಪ ತಂತಿಯೂ ಒಟ್ಟಿಗೆ, ತುಂಡು ಮಾಡದೆ, ತಮ್ಮನು ಗುಜರಿಯಿಂದ ಹೊತ್ತು ತಂದ ಟೇಪ್ ಯಂತ್ರಕ್ಕೆ ಹಾಡಿ ನುಡಿಸಬೇಕು. ತಾಳವನ್ನು ಅವನು ಆಮೇಲೆ ಸೇರಿಸುತ್ತಾನೆ. ಅವರ ಪದ್ಧತಿ ಅದು. ಗುಜರಿ ಯಂತ್ರ ನಿಧಾನ ಎಂದು ಗೊತ್ತಾದದ್ದು ತಮ್ಮನು ಟೇಪನ್ನು ತನ್ನ ಅಂಗಡಿಯ ಒಳ್ಳೆಯ ಯಂತ್ರದಲ್ಲಿ ಹಾಕಿ ಕೇಳಿಸಿದಾಗ.

“ಇದು ನಾನಲ್ಲ,” ಎಂದಳು.

“ನೀನೇ ಅಕ್ಕ. ಸ್ವಲ್ಪ ಬೇಗ ಬಂದಿದ್ದೀಯ, ಅಷ್ಟೇ.”

“ದಿನಾ ಲೇಟಾಗಿ ಬರೋಳು ಒಂದಿನ ಬೇಗ ಬಂದ್ರೆ ಹೀಗೇ ಗುರುತು ಸಿಗಲ್ಲ,” ಎಂದ ದಪ್ಪ ತಂತಿ. ಮೂವರೂ ನಕ್ಕರು. ವೇಗ ಸರಿಮಾಡುವುದು ತಮ್ಮನಿಗೆ ಎಡಗೈ ಕೆಲಸ, ಆದರೆ ಮಾಡಲಿಲ್ಲ. ಹಾಡಿಗೊಂದು ಮಿಂಚು ಬಂದಿದೆ, ಇರಲಿ ಬಿಡು ಎಂದ. ಅವಳೂ ಹೂಂ ಎಂದಳು. ದೂರದೂರಿಗೆ ಲಾರಿ ಓಡಿಸುವ ಗಂಡ ಫೋನಿನಲ್ಲಿ ಹಾಡು ಕೇಳಿ, ಚೆನ್ನಾಗಿದೆ, ಯಾರಿದು ಎಂದು ವಿಚಾರಿಸಿದನಂತೆ. ಕಟ್ಟಿಕೊಂಡವನ ಕಿವಿಯ ಯೋಗ್ಯತೆ ಇಷ್ಟು. ಆಗಲೇ ಎಚ್ಚರವಾಗಬೇಕಿತ್ತು.

ಹಾಡು ಹಬ್ಬಿತು. ಜೊತೆಗೆ ಹಾಕಿದ್ದ ಚಿತ್ರದಲ್ಲಿ ತೂಗುವ ಕೋಟುಗಳಿದ್ದವೇ ಹೊರತು ಒಂದು ಮುಖವಿರಲಿಲ್ಲ. ಮುಖ ಬರೆದುಕೊಂಡವರು ನೀವು: ಕಣ್ಣಿಗೆ ಬೀಳುವ ಕೂದಲು, ಸಣ್ಣ ಸೊಂಟ, ಗಲ್ಲದಲ್ಲೊಂದು ಗುಳಿ. ಯಾರೂ ಕೊಡದಿದ್ದನ್ನು ತಾವೇ ಕಲ್ಪಿಸಿಕೊಂಡು, ಆಮೇಲೆ ಕೊಟ್ಟಿಲ್ಲವೆಂದು ಜಗಳಕ್ಕೆ ನಿಂತಿರಿ.

ದೊಡ್ಡ ಸಭಾಂಗಣದ ಮ್ಯಾನೇಜರ್ ಕರೆದ. ಅವಳು ಬೂದು ಬಣ್ಣದ ಷರ್ಟು ತೊಟ್ಟು ಬಂದಳು. ಅದರ ಕಾಲರು ಬ್ಲೇಡಿನ ಹಾಗೆ ನಿಂತಿತ್ತು. ಮೊದಲ ಸಾಲು ಹಾಡಿದಳು. ಹಬೆ ಕುಡಿದು ದಪ್ಪವಾದ, ಎದೆಯಿಂದ ಬರುವ ದನಿ. ಹಾಡಿಗೆ ಅದೇ ಸರಿ ಎಂದು ಕಿವಿಯಿರುವ ಯಾರಾದರೂ ಹೇಳುತ್ತಿದ್ದರು. ಹಿಂದಿನ ಸಾಲಿನಿಂದ ಒಬ್ಬ ಕೂಗಿದ: “ಆಂಟಿ, ಮಗಳನ್ನ ಕಳಿಸಿ.” ಸಭೆ ನಕ್ಕಿತು. ತಮಾಷೆ ಎಂದುಕೊಂಡು ಅವಳೂ ನಕ್ಕು ಮುಂದುವರಿಸಿದಳು. ಆಮೇಲೆ, “ಹಾಡಿದವಳು ಎಲ್ಲಿ?” ಎಂಬ ಕೂಗು, ತಾಳ ತಪ್ಪಿಸಲೆಂದೇ ತಟ್ಟುವ ಚಪ್ಪಾಳೆ, ಮುಖದ ಮೇಲೆ ಫೋನುಗಳ ಬೆಳಕು. ನಡುವಿನ ನುಡಿಗೆ ಬರುವಷ್ಟರಲ್ಲಿ ಮ್ಯಾನೇಜರ್ ಮೈಕು ಬಂದ್ ಮಾಡಿಸಿದ. ಕೂಗಿದವರೆಲ್ಲ ಗರಿಗರಿಯಾದ ಷರ್ಟು ತೊಟ್ಟ ಸಭ್ಯರು. ಆ ಗರಿಗರಿ ಎಲ್ಲಿಂದ ಬಂತೆಂದು ಕೇಳುವ ಪುರುಸೊತ್ತು ಅವರಿಗಿಲ್ಲ.

ಅವಮಾನಕ್ಕಿಂತ ಬೇರೊಂದು ಅವಳನ್ನು ಕಚ್ಚಿತು: ಹಾಡು ಮುಗಿದಿರಲಿಲ್ಲ. ತನ್ನ ಹಾಡನ್ನು ತನ್ನ ಗಂಟಲಲ್ಲಿ, ಜನರೆದುರು ನಿಂತು, ಕೊನೆಯ ಸಾಲಿನವರೆಗೆ ಹಾಡಬೇಕು. ಇದಕ್ಕಿಂತ ಹೆಚ್ಚಿನದನ್ನು ಅವಳು ಯಾವತ್ತೂ ಕೇಳಿಲ್ಲ.

ಮ್ಯಾನೇಜರ್ ಅವಳ ತಮ್ಮನಿಗೆ ಫೋನು ಮಾಡಿ, ಜನಕ್ಕೆ ಹುಡುಗಿ ಬೇಕು ಎಂದ. ತಮ್ಮ ನೇರವಾಗಿ ಅಕ್ಕನ ಅಡುಗೆಮನೆಗೆ ಬಂದ. ಅಲ್ಲಿ ಹತ್ತೊಂಬತ್ತರ ಮಗಳು ಒಲೆಯ ಪಕ್ಕ ನಿಂತು ತಲೆ ಒಣಗಿಸಿಕೊಳ್ಳುತ್ತಿದ್ದಳು. ಅವಳಿಗೆ ಹಾಡಲು ಬರುವುದಿಲ್ಲ, ಕನ್ನಡಿ ಮುಂದೆ ನಿಲ್ಲಲು ಬರುತ್ತದೆ. ತಮ್ಮ ಸುತ್ತು ಬಳಸಿ ಮಾತಾಡಿದ: ಬ್ಯಾಂಡು ಉಳಿಯಬೇಕು, ಇದು ಸ್ವಲ್ಪ ದಿನದ ಮಟ್ಟಿಗೆ, ಹುಡುಗಿ ಮುಂದೆ ನಿಲ್ಲಲಿ, ಹಾಡು ಟೇಪಿನಿಂದ ಬರಲಿ.

“ಹಾಗಾದ್ರೆ ನಾನು?”

“ನೀನು ಬರದಿದ್ರೂ ನಡೆಯುತ್ತೆ ಅಕ್ಕ. ನಿನ್ನ ದನಿ ನನ್ನ ಹತ್ರ ಇದೆಯಲ್ಲ.”

ಒಡಹುಟ್ಟಿದವನ ಬಾಯಿಂದ ಬಂದ ಮಾತು ಇದು. ಮಗಳು ಮಾವನ ಮುಖ ನೋಡಿದಳು, ಅಮ್ಮನ ಮುಖ ನೋಡಲಿಲ್ಲ. ತಾನೇನೂ ಕೇಳಿಕೊಂಡು ಹೋಗಿರಲಿಲ್ಲ, ಅವರೇ ಕರೆಯುತ್ತಿದ್ದಾರೆ ಎಂದು ಗೊಣಗಿದಳು. ಹೋಗಬೇಕೆಂಬ ಆಸೆ ಅವಳ ಕಿವಿಯವರೆಗೂ ಕೆಂಪಾಗಿ ಹತ್ತಿತ್ತು. ತಾಯಿ ಪಾತ್ರೆ ತೊಳೆಯುವುದನ್ನು ನಿಲ್ಲಿಸದೆ ಹೇಳಿದಳು:

“ಹೋಗು. ಎರಡನೇ ನುಡಿ ಮಧ್ಯದಲ್ಲಿ ನಾನು ಉಸಿರು ತಗೋತೀನಿ, ಕೇಳಿಸುತ್ತೆ. ಅಲ್ಲಿ ಬಾಯಿ ತೆಗಿ. ಮುಚ್ಕೊಂಡಿದ್ರೆ ಸಿಕ್ಕಿಬೀಳ್ತೀಯ.”

ಹುಡುಗಿ ಸಿಕ್ಕಿಬೀಳಲಿಲ್ಲ. ನೀವು ಶಿಳ್ಳೆ ಹೊಡೆದಿರಿ, ಕುಣಿದಿರಿ, ಅಸಲಿ ಹಾಡುಗಾರ್ತಿ ಕೊನೆಗೂ ಬಂದಳು ಎಂದು ಬರೆದಿರಿ. ಬಾಯಿ ಆಡಿಸುವವಳು ಅಸಲಿ, ಹಾಡಿದವಳು ನಕಲಿ. ಇಂಥ ನ್ಯಾಯ ಹೇಳುವ ನಾಲಿಗೆಗೆ ನಾಚಿಕೆಯಾದರೂ ಬೇಡವೇ? ಹುಡುಗಿ ವೇದಿಕೆಯಲ್ಲಿ ತೊಡುವ ಬೆಳ್ಳಿ ಬಣ್ಣದ ಜಾಕೆಟ್ಟು ಪ್ರತಿ ಕಾರ್ಯಕ್ರಮದ ಮರುದಿನ ಲಾಂಡ್ರಿಗೆ ಬರುತ್ತದೆ. ಆ ಬಟ್ಟೆಗೆ ಕಾವು ಹೆಚ್ಚಾದರೆ ಸುಕ್ಕುಗಟ್ಟುತ್ತದೆ. ಒದ್ದೆ ಬಟ್ಟೆ ಹೊದಿಸಿ, ಕೈ ಹಗುರ ಮಾಡಿ ಇಸ್ತ್ರಿ ಹಾಕುವವಳು ತಾಯಿಯೇ.

ಒಮ್ಮೆ ಮಗಳು ಅದನ್ನು ಒಯ್ಯಲು ಬಂದು ಕೌಂಟರಿನಲ್ಲಿ ಬೆರಳಾಡಿಸುತ್ತಾ ನಿಂತಳು. “ಅಮ್ಮ, ಒಂದಿನ ನೋಡೋಕೆ ಬಾ.”

“ಯಾರನ್ನ ನೋಡೋಕೆ?”

ಹುಡುಗಿ ಜಾಕೆಟ್ಟನ್ನು ತೋಳಿಗೆ ಹಾಕಿಕೊಂಡು ಹೋದಳು. ಆದರೆ ಮುಂದಿನ ವಾರ ಮಾವನಿಗೆ ನೆಗಡಿಯ ನೆಪ ಹೇಳಿದಳಂತೆ, ಅದರ ಮುಂದಿನ ವಾರ ನೆಪವನ್ನೂ ಹೇಳಲಿಲ್ಲವಂತೆ. ತಮ್ಮ ಈಗ ಬೇರೊಬ್ಬ ಹುಡುಗಿಯನ್ನು ಹುಡುಕಿಕೊಂಡಿದ್ದಾನೆ. ನಿಮಗೆ ವ್ಯತ್ಯಾಸ ಗೊತ್ತಾಗಿಲ್ಲ.

ದಪ್ಪ ತಂತಿ ಮಾತ್ರ ಅಕ್ಕನ ಜೊತೆ ಉಳಿದ. ಬೇಕರಿಯ ಮೇಲೆ ಹಿಟ್ಟಿನ ಮೂಟೆ ಇಡುವ ಉದ್ದನೆಯ ಕೋಣೆಯಿದೆ. ಭಾನುವಾರ ಮಧ್ಯಾಹ್ನ ಮೂಟೆಗಳನ್ನು ಗೋಡೆಗೆ ಸರಿಸಿ ಇಬ್ಬರೂ ಅಲ್ಲಿ ನುಡಿಸುತ್ತಾರೆ. ಮೊದಲ ವಾರ ಬಂದವರು ಬೆರಳೆಣಿಕೆಯಷ್ಟು. ಅವರಲ್ಲೂ ಯಾರೋ ಮಹಾಶಯ ನಡುವೆಯೇ ಎದ್ದು, ಟೇಪಿನಲ್ಲಿ ಇದ್ದ ಹಾಗೆ ಹಾಡಿ ಎಂದು ಉಪದೇಶ ಮಾಡಿದ. ಅವಳು ಗಿಟಾರು ಕೆಳಗಿಟ್ಟಳು. ಹಾಡು ಅವತ್ತೂ ಮುಗಿಯಲಿಲ್ಲ.

ಬರುವ ಭಾನುವಾರ ಮತ್ತೆ ಹಾಡುತ್ತಾಳೆ. ಸಭಾಂಗಣದಲ್ಲಿ ಕೂಗಿದವರೇ, ಕೂಗಿದವರ ಪಕ್ಕ ಕೂತು ಹಲ್ಲು ಕಿರಿದವರೇ, ನಿಮಗೇ ಹೇಳುತ್ತಿದ್ದೇನೆ: ಆ ಮೆಟ್ಟಿಲು ಹತ್ತಿ ಬನ್ನಿ. ಫೋನು ಜೇಬಿನಲ್ಲಿಡಿ. ಅವಳು ಕೊನೆಯ ಸಾಲು ಹಾಡಿ ಮುಗಿಸುವವರೆಗೆ ಬಾಯಿ ಮುಚ್ಚಿಕೊಂಡು ನಿಂತಿರಿ.