ಶಾಲೆ ಹೇಗಿದೆ ಎಂದು ಆಯಮ್ಮನನ್ನು ಕೇಳಿದರೆ

ಬೆಳಗಿನ ಐದೂ ಮುಕ್ಕಾಲು. ಸರ್ಕಾರಿ ಪ್ರಾಥಮಿಕ ಶಾಲೆಯ ಕಬ್ಬಿಣದ ಗೇಟಿನ ಬೀಗ ತೆಗೆದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಆಯಮ್ಮ ಮೊದಲು ಹೋಗುವುದು ಒಂದನೇ ತರಗತಿಗೆ. ಹಿಂದಿನ ಮೂಲೆಯಿಂದ ಪೊರಕೆ ಆಡಿಸುತ್ತ ಬಾಗಿಲ ತನಕ ಬರುತ್ತಾರೆ. ಕಸವನ್ನು ಮೊರಕ್ಕೆ ತುಂಬುವ ಮೊದಲು ಕುಕ್ಕರಗಾಲಲ್ಲಿ ಕೂತು, ಕಳೆದುಹೋದ ಮೂಗುತಿ ಹುಡುಕುವವರಂತೆ ಅದನ್ನು ಬೆರಳಿನಿಂದ ಕೆದಕುತ್ತಾರೆ. ಹುಡುಕುತ್ತಿರುವುದು ಮೂಗುತಿಯನ್ನಲ್ಲ. ಈ ಶಾಲೆಯಲ್ಲಿ ಪಾಠ ನಡೆಯುತ್ತಿದೆಯೋ ಇಲ್ಲವೋ ಎಂಬುದನ್ನು.

"ನೋಡಿ, ಈ ಕ್ಲಾಸಲ್ಲಿ ದಿನಾ ಎರಡು ಹಿಡಿ ಪೆನ್ಸಿಲ್ ಸಿಪ್ಪೆ ಸಿಗುತ್ತೆ," ಎನ್ನುತ್ತಾರೆ. "ಮಕ್ಕಳು ಚೆನ್ನಾಗಿ ಬರೀತಾರೆ ಅಂತ ತಾನೇ ಅರ್ಥ? ನಾನೂ ಹಾಗೇ ಅಂದ್ಕೊಂಡಿದ್ದೆ. ಒಂದಿನ ಕಿಟಕೀಲಿ ಇಣುಕಿದ್ರೆ ಅರ್ಧ ಕ್ಲಾಸು ಬರೀತಿದೆ, ಇನ್ನರ್ಧ ಬರೀ ಪೆನ್ಸಿಲ್ ಹೆರೀತಾ ಕೂತಿದೆ. ಈಗ ಈ ಸಿಪ್ಪೆ ಯಾರದ್ದು ಅಂತ ಹೇಗೆ ಹೇಳೋದು?"

ಪಕ್ಕದ ಕೋಣೆಗಳದ್ದೂ ಇದೇ ಪಾಡು. ನಾಲ್ಕನೇ ತರಗತಿಯ ಬೋರ್ಡಿನ ಕೆಳಗೆ ಸೀಮೆಸುಣ್ಣದ ಪುಡಿ ಬೆರಳ ದಪ್ಪ ಬಿದ್ದಿರುತ್ತದೆ. ಪಾಪ, ಆ ಮೇಷ್ಟ್ರು ಅಷ್ಟು ಬರೆಸುತ್ತಾರೆ ಎನ್ನಬೇಕೋ, ಬರೆಸುವುದು ಬಿಟ್ಟು ಬೇರೇನೂ ಮಾಡುವುದಿಲ್ಲ ಎನ್ನಬೇಕೋ? ಐದನೇ ತರಗತಿಯಲ್ಲಿ ಪುಡಿಯೇ ಇಲ್ಲ. ಅಲ್ಲಿನ ಮೇಷ್ಟ್ರು ಬೋರ್ಡ್ ಮುಟ್ಟುವುದು ಅಪರೂಪ, ಆದರೆ ಮಕ್ಕಳ ನಗು ಅಂಗಳದ ನಲ್ಲಿಯವರೆಗೆ ಕೇಳುತ್ತದೆ. ಕಥೆ ಹೇಳಿಯೇ ಚರಿತ್ರೆ ಕಲಿಸುತ್ತಾರಂತೆ. "ಅದು ಪಾಠಾನೋ, ಹೊತ್ತು ಕಳೆಯೋದೋ, ನನ್ನ ತಲೆಗಂತೂ ಹೋಗಲ್ಲ," ಎಂದು ಆಯಮ್ಮ ಕಸದ ಮೊರ ಎತ್ತುತ್ತಾರೆ.

ಹತ್ತೊಂಬತ್ತು ವರ್ಷದಿಂದ ಈ ಕಸವನ್ನು ಓದಿದವರಿಗೆ ಇಷ್ಟು ಗೊಂದಲ ಇರಬಾರದು. ಇದ್ದರೂ ಇಲ್ಲಿಯವರೆಗೆ ನಡೆದುಹೋಯಿತು. ಇವತ್ತು ಶುಕ್ರವಾರ. ನಾಳೆ ಮಧ್ಯಾಹ್ನ ಒಂದು ಗಂಟೆಗೆ ಮುಂದಿನ ವರ್ಷದ ದಾಖಲಾತಿ ಮುಗಿಯುತ್ತದೆ. ಐದೂವರೆ ವರ್ಷದ ಮೊಮ್ಮಗಳನ್ನು ಈ ಶಾಲೆಗೆ ಸೇರಿಸುವುದೋ ಬೇಡವೋ ಎಂದು ಆಯಮ್ಮ ಅಷ್ಟರೊಳಗೆ ಹೇಳಬೇಕು. ಹೇಳು ಎಂದು ಕೂತಿರುವವಳು ಸ್ವಂತ ಮಗಳು.

ಆಯಮ್ಮ ಇಲ್ಲಿಗೆ ಬಂದದ್ದು ಒಂದು ತಿಂಗಳಿಗೆಂದು. ಪೇಂಟ್ ಕೆಲಸದ ಗಂಡ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ ವರ್ಷ ಅದು. ಆಗಿನ ಆಯಾ ಹೆರಿಗೆಗೆ ರಜೆ ಹಾಕಿ ಹೋದವಳು ತಿರುಗಿ ಬರಲಿಲ್ಲ. ತಿಂಗಳು ವರ್ಷವಾಯಿತು. ಹನ್ನೊಂದು ವರ್ಷ 'ತಾತ್ಕಾಲಿಕ' ಎಂಬ ಪದದ ಕೆಳಗೇ ಸಹಿ ಹಾಕಿದರು. ಈಗ ವಯಸ್ಸು ಐವತ್ನಾಲ್ಕು, ಎಡ ಮಂಡಿ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಏಳು ಕೋಣೆ, ನೂರ ಹನ್ನೆರಡು ಮಕ್ಕಳು, ಆರು ಶೌಚಾಲಯ. ಪೈಪು ಒಡೆದು ಎರಡು ವರ್ಷವಾಗಿರುವುದರಿಂದ ಅಂಗಳದ ನಲ್ಲಿಯಿಂದ ಶೌಚಾಲಯಕ್ಕೆ ದಿನಕ್ಕೆ ಇಪ್ಪತ್ತಾರು ಬಕೆಟ್ ನೀರು ಹೊರಬೇಕು. ಇದರ ಮಧ್ಯೆ ಬಿದ್ದವರ ಮಂಡಿ ತೊಳೆಯಬೇಕು, ವಾಂತಿ ಮಾಡಿದವರ ಬೆನ್ನು ಸವರಬೇಕು, ಮನೆಗೆ ಹೋಗ್ತೀನಿ ಎಂದು ಗೇಟು ಹಿಡಿದು ಅಳುವವರಿಗೆ ಇಲ್ಲದ ಸುಳ್ಳು ಹೇಳಿ ಒಳಗೆ ಕರೆತರಬೇಕು.

ಅವರದೊಂದು ಪದ್ಧತಿ ಉಂಟು. ಬೋರ್ಡ್ ಮೇಲೆ ಇರುವುದನ್ನು ಓದದೆ ಒರೆಸುವುದಿಲ್ಲ. "ನಾನು ಮೂರನೇ ಕ್ಲಾಸಿಗೇ ಬಿಟ್ಟವಳು. ಇಲ್ಲಿ ಒರೆಸ್ತಾ ಒರೆಸ್ತಾ ಓದೋದು ಬಂತು. ಅರ್ಥ ಆಗದಿದ್ರೂ ಒಂದ್ಸಲ ಕಣ್ಣಾಡಿಸಿಯೇ ಬಟ್ಟೆ ಇಡೋದು. ಯಾರೋ ಕಷ್ಟಪಟ್ಟು ಬರೆದಿರ್ತಾರಲ್ಲ."

ದಾಖಲಾತಿ ಶುರುವಾದರೆ ಗೇಟಿನಲ್ಲಿ ಅವರಿಗೆ ಬೇಡಿಕೆಯೋ ಬೇಡಿಕೆ. ಮಗುವಿನ ಕೈ ಹಿಡಿದು ಬಂದ ತಾಯಂದಿರು ಹೆಡ್‌ಮೇಷ್ಟ್ರ ಕೋಣೆಗೆ ಹೋಗುವ ಮೊದಲು ಮೆಲ್ಲಗೆ ಇವರನ್ನು ಪಕ್ಕಕ್ಕೆ ಕರೆಯುತ್ತಾರೆ: ನಿಜ ಹೇಳಿ ಆಯಮ್ಮ, ಶಾಲೆ ಹೇಗಿದೆ? ಇವರು ಒಬ್ಬರಿಗೆ 'ಚೆನ್ನಾಗಿದೆಯಮ್ಮ' ಎನ್ನುತ್ತಾರೆ, ಇನ್ನೊಬ್ಬರಿಗೆ 'ನೀವೇ ಒಮ್ಮೆ ಒಳಗೆ ನೋಡಿ' ಎನ್ನುತ್ತಾರೆ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಕೆಲಸ ಕೊಟ್ಟ ಜಾಗವನ್ನು ಹಳಿಯಬಾರದು, ಕೇಳಿದ ತಾಯಿಗೆ ಮೋಸವೂ ಆಗಬಾರದು.

ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವ ಮಗಳು, ಮಗುವಿನೊಂದಿಗೆ ಇವರ ಜೊತೆಗೇ ಇದ್ದಾಳೆ. ಅವಳ ಹತ್ತಿರ ಈ ದೀಪ ನಡೆಯಲಿಲ್ಲ. ಬಸ್ಸಿನಲ್ಲಿ ಮೂರು ಸ್ಟಾಪ್ ದಾಟಿದರೆ ಟೈ, ಬೂಟು, ಬಣ್ಣದ ಜಾರುಬಂಡೆ ಇರುವ ಇನ್ನೊಂದು ಶಾಲೆ ಇದೆ. ಅಲ್ಲೂ ಮಗುವಿನ ಹೆಸರು ಬರೆಸಿದ್ದಾಳೆ, ಫೀಸು ಕಟ್ಟಲು ಅಲ್ಲೂ ನಾಳೆಯೇ ಕಡೆಯ ದಿನ. ಈ ವಾರದ ಆರಂಭದಲ್ಲಿ ಒಂದು ಸಂಜೆ ಬಟ್ಟೆ ಮಡಚುತ್ತ ಅವಳು ಅಂದದ್ದು ಇಷ್ಟೇ: "ಅಮ್ಮ, ಗೇಟಲ್ಲಿ ಬೇರೆಯವರಿಗೆ ಹೇಳೋ ಮಾತು ನನಗೆ ಬೇಡ. ನಿನ್ನ ಮೊಮ್ಮಗಳನ್ನ ನಿನ್ನ ಶಾಲೇಲಿ ಹಾಕಬಹುದಾ? ಹೂಂ ಅನ್ನು, ಇಲ್ಲ ಉಹೂಂ ಅನ್ನು."

ಆಯಮ್ಮ ಅವತ್ತು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಬಾಯಲ್ಲಿ ಬಿಸಿ ತುಪ್ಪ. ಕಾರಣ ಗೇಟಿನ ಮೇಲೇ ಅಂಟಿಸಿದೆ, ಹೋಗಿ ಬರುವವರೆಲ್ಲ ಓದುತ್ತಾರೆ. ಒಂದು ತಿಂಗಳ ಹಿಂದೆ ಶಾಲೆಯ ಗುಣಮಟ್ಟ ಅಳೆಯಲು ಇಬ್ಬರು ಅಧಿಕಾರಿಗಳು ಬಂದು, ಕೈಯಲ್ಲಿ ನಮೂನೆ ಹಿಡಿದು ಕೋಣೆ ಕೋಣೆ ಸುತ್ತಿ, ಕೊನೆಗೆ 'ಸಿ' ಎಂಬ ದರ್ಜೆ ಕೊಟ್ಟುಹೋದರು. ಅದರ ಕೆಳಗೆ ವಿವರ: ಸ್ವಚ್ಛತೆ, ಹತ್ತಕ್ಕೆ ಹತ್ತು. ಮಕ್ಕಳ ಕಲಿಕೆಗೆ ಕಣ್ಣಿಗೆ ಕಾಣುವ ಸಾಕ್ಷಿ, ಹತ್ತಕ್ಕೆ ಎರಡು. ಅದನ್ನು ಓದಿ ಏಳು ಮನೆಯವರು ಮಕ್ಕಳ ಟಿ.ಸಿ. ತೆಗೆದುಕೊಂಡರು.

ಆ ಹತ್ತೂ ತಮ್ಮದೇ ಎಂಬುದು ಆಯಮ್ಮನಿಗೆ ಗೊತ್ತು. ಆ ಎರಡೂ ತಮ್ಮದೇ ಎಂಬುದು ಅವರಿಗೆ ಮತ್ತು ಮೂರನೇ ತರಗತಿಯ ಟೀಚರಿಗೆ ಮಾತ್ರ ಗೊತ್ತು.

ಆ ಟೀಚರನ್ನು ಮಕ್ಕಳು ಕರೆಯುವುದು ಮೆಲ್ಲಗಿನ ಟೀಚರ್ ಎಂದು. ಅವರ ದನಿ ಮೂರನೇ ಬೆಂಚು ದಾಟುವುದಿಲ್ಲ. ಅವರು ಬೆಂಚುಗಳನ್ನೆಲ್ಲ ಮುಂದಕ್ಕೆ ಸರಿಸಿ, ಹಿಂದಿನ ಅರ್ಧ ನೆಲದ ಮೇಲೆ ಮಕ್ಕಳಿಂದ ಸೀಮೆಸುಣ್ಣದಲ್ಲಿ ಸುತ್ತಲಿನ ಬೀದಿಗಳನ್ನು ಬರೆಸುತ್ತಿದ್ದರು. ಪ್ರತಿ ಮಗುವಿನ ಮನೆ, ಅಲ್ಲಿಂದ ಶಾಲೆಗೆ ಎಷ್ಟು ಹೆಜ್ಜೆ, ಯಾವ ದಾರಿ ಹತ್ತಿರ, ಎಷ್ಟು ಹತ್ತಿರ. ಕೂಡಿಸಿ, ಕಳೆದು, ಅಳಿಸಿ, ಜಗಳವಾಡಿ, ಮತ್ತೆ ಬರೆದು ನಲವತ್ತು ದಿನ ಮಾಡಿದ ಕೆಲಸ. ಸಂಜೆಯಾದರೆ ಮೇಲೆ ಚಾಪೆ ಹಾಸುತ್ತಿದ್ದರು. ಹಿಂದಿನ ಭಾಗ ನಾವೇ ನೋಡ್ಕೋತೀವಿ ಆಯಮ್ಮ, ಎಂದಿದ್ದರು. ಏನು, ಯಾಕೆ ಎಂದು ಆಯಮ್ಮ ಕೇಳಿರಲಿಲ್ಲ.

ಅಧಿಕಾರಿಗಳು ಬರುವ ಹಿಂದಿನ ದಿನ ಟೀಚರ್ ತರಬೇತಿಗೆ ಹೋಗಿದ್ದರು. ಹೆಡ್‌ಮೇಷ್ಟ್ರು ಬಿಳಿಚಿದ ಮುಖ ಹೊತ್ತು ಓಡಾಡುತ್ತ, ಒಂದು ಮೂಲೆಯೂ ಬಿಡಬೇಡಿ, ಫಳಫಳ ಅನ್ನಬೇಕು, ಎಂದರು. ಆಯಮ್ಮ ಚಾಪೆ ಎತ್ತಿದರು. ಅಯ್ಯೋ ದೇವರೇ, ಇಷ್ಟು ಗಲೀಜು ಅಡಗಿಸಿಟ್ಟಿದ್ದಾರಲ್ಲ, ಎಂದುಕೊಂಡು ಸೋಪಿನ ಪುಡಿ ಸುರಿದು, ಮಂಡಿಯೂರಿ, ಬ್ರಷ್ ಹಿಡಿದು ಎರಡು ಗಂಟೆ ಉಜ್ಜಿದರು.

"ಬೋರ್ಡ್ ಮೇಲಿದ್ದಿದ್ರೆ ಓದ್ತಿದ್ದೆ," ಎನ್ನುತ್ತಾರೆ ಈಗ, ಪೊರಕೆಯ ಹಿಡಿ ನೋಡುತ್ತ. "ನೆಲದ ಮೇಲೆ ಬಿದ್ದಿದ್ದೆಲ್ಲ ನನಗೆ ಕಸ. ಹತ್ತೊಂಬತ್ತು ವರ್ಷ ಆ ಕಣ್ಣಲ್ಲೇ ನೋಡಿದೀನಲ್ಲ. ಮಾರನೇ ದಿನ ಬೆಳಿಗ್ಗೆ ಮಕ್ಕಳು ಬಂದು ನೆಲ ನೋಡಿ ನಿಂತುಬಿಟ್ರು. ಆ ಅಧಿಕಾರಿಗಳು ಬಂದು ಪ್ರಶ್ನೆ ಕೇಳಿದ್ರೆ ಒಬ್ಬರೂ ಬಾಯಿ ಬಿಡ್ಲಿಲ್ಲ. ದುಃಖಕ್ಕೆ ಬಿಡ್ಲಿಲ್ವೋ, ಗೊತ್ತಿಲ್ದೇ ಬಿಡ್ಲಿಲ್ವೋ? ಅದೇ ನನಗೆ ತಿಳೀದು. ಶಾಲೆ ನಿಜಕ್ಕೂ 'ಸಿ'ನೋ, ನಾನು ತೊಳೆದು 'ಸಿ' ಮಾಡಿದ್ನೋ?"

ಅಧಿಕಾರಿಗಳು ಹೋದ ಸಂಜೆಯೇ, ತಾವು ಉಜ್ಜಿದ್ದು ಏನೆಂದು ಮಕ್ಕಳ ಬಾಯಿಂದ ತಿಳಿದು, ಟೀಚರ ಮುಂದೆ ನಿಂತು ಅತ್ತರು. ಟೀಚರ್ ಬೈಯಲಿಲ್ಲ. ಅದಕ್ಕೇ ಇವರಿಗೆ ಇನ್ನಷ್ಟು ಕಸಿವಿಸಿ. ಈಗ ಮೂರನೇ ತರಗತಿಯ ಹಿಂಭಾಗದಲ್ಲಿ ಮತ್ತೆ ಚಾಪೆ ಬಿದ್ದಿದೆ. ಆಯಮ್ಮ ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ.

ಹನ್ನೊಂದು ಗಂಟೆ. ಬಕೆಟ್ ಕೆಳಗಿಟ್ಟು ಆಯಮ್ಮ ಮೂರನೇ ತರಗತಿಯ ಬಾಗಿಲಿಗೆ ಒರಗುತ್ತಾರೆ. ನಾಳೆಯೊಳಗೆ ಒಂದು ಮಾತು ಹೇಳಬೇಕಲ್ಲ, ಇವತ್ತಾದರೂ ಕಣ್ಣಾರೆ ನೋಡೋಣ ಎಂದು. ಮೆಲ್ಲಗಿನ ಟೀಚರ್ ಒಳಗೆ ಕರೆಯುತ್ತಾರೆ. ಎರಡು ಜಡೆಯ ಹುಡುಗಿ ಕೈ ಎತ್ತಿ, ಆಯಮ್ಮ ನೀರು ಹೊರೋಕೆ ದಿನಾ ಎಷ್ಟು ಹೆಜ್ಜೆ ನಡೀತಾರೆ, ಎಂದು ಕೇಳುತ್ತಾಳೆ. ನೀವೇ ಲೆಕ್ಕ ಮಾಡಿ ಹೇಳಿ, ಎಂದು ಟೀಚರ್ ಮಕ್ಕಳಿಗೇ ಬಿಡುತ್ತಾರೆ. ಮಕ್ಕಳು ಅಂಗಳಕ್ಕೆ ನುಗ್ಗಿ, ಆಯಮ್ಮನನ್ನೇ ನಡೆಸಿ ಅಳೆದು, ಬಕೆಟ್ ಎಷ್ಟೆಂದೂ ಕೇಳಿಕೊಂಡು ಬರುತ್ತಾರೆ: ನಲ್ಲಿಯಿಂದ ಶೌಚಾಲಯಕ್ಕೆ ಆಯಮ್ಮನ ನಲವತ್ತೆಂಟು ಹೆಜ್ಜೆ. ಹೋಗಿ ಬರಲು ತೊಂಬತ್ತಾರು. ಇಪ್ಪತ್ತಾರು ಬಕೆಟ್ಟಿಗೆ ಎರಡು ಸಾವಿರದ ನಾನೂರ ತೊಂಬತ್ತಾರು.

"ಅಲ್ಲ," ಎಂದು ಹಿಂದಿನ ಸಾಲಿನಿಂದ ಒಂದು ದನಿ. "ಕಡೇ ಬಕೆಟ್ ಸುರಿದ ಮೇಲೆ ಆಯಮ್ಮ ಯಾಕೆ ವಾಪಸ್ ನಲ್ಲಿಗೆ ಹೋಗ್ತಾರೆ? ಎರಡು ಸಾವಿರದ ನಾನೂರ ನಲವತ್ತೆಂಟು."

ತರಗತಿ ಎರಡು ಪಂಗಡವಾಗಿ ಗದ್ದಲ ಏಳುತ್ತದೆ. ಟೀಚರ್ ಎರಡೂ ಉತ್ತರವನ್ನು ಬೋರ್ಡ್ ಮೇಲೆ ಬರೆದು, ಯಾವುದು ಸರಿ ಎಂದು ಹೇಳದೆ, ಆಯಮ್ಮನ ಕಡೆ ತಿರುಗುತ್ತಾರೆ. ಮೂವತ್ತು ಮುಖಗಳೂ ತಿರುಗುತ್ತವೆ. ಕಡೆಯ ಬಕೆಟ್ ಸುರಿದ ಮೇಲೆ ತಾವು ಎಲ್ಲಿಗೆ ಹೋಗುತ್ತೇವೆ ಎಂಬುದು ಆಯಮ್ಮನಿಗೇ ಗೊತ್ತಿಲ್ಲ.

"ಟೀಚರಾದವರು ಸರಿ ಉತ್ತರ ಹೇಳ್ಬೇಕೋ ಬೇಡ್ವೋ?" ಎಂದು ಹೊರಗೆ ಬಂದು ಗೊಣಗುತ್ತಾರೆ. "ಎರಡೂ ಇರಲಿ, ನಾಳೆ ನೋಡೋಣ ಅಂತಾರೆ. ಇದನ್ನ ಮಗಳಿಗೆ ಹೇಳಿದ್ರೆ ನಗ್ತಾಳೆ. ಆದ್ರೂ ನೋಡಿ, ನಾನೆಷ್ಟು ನಡೀತೀನಿ ಅಂತ ಇಲ್ಲೀವರೆಗೆ ಯಾರೂ ಕೇಳಿರಲಿಲ್ಲ," ಎಂದು ಬಕೆಟ್ ಎತ್ತಿಕೊಳ್ಳುತ್ತಾರೆ.

ಶನಿವಾರ ಬೆಳಿಗ್ಗೆ ತಮ್ಮ ಕಾಲನ್ನು ತಾವೇ ಕಾಯುತ್ತ ನೀರು ಹೊರುತ್ತಾರೆ. ಎಣಿಸಲು ಹೋಗಿ ಇಪ್ಪತ್ತೋ ಇಪ್ಪತ್ತೊಂದೋ ಎಂಬಲ್ಲಿ ತಪ್ಪುತ್ತದೆ. ಮಧ್ಯಾಹ್ನ ಹನ್ನೆರಡೂವರೆಗೆ ಮಗಳು ಮಗುವಿನ ಕೈ ಹಿಡಿದು ಬಂದಾಗ, ಆ ಲೆಕ್ಕವೂ ಬಗೆಹರಿದಿಲ್ಲ, ಈ ಲೆಕ್ಕವೂ ಬಗೆಹರಿದಿಲ್ಲ.

ಜಗುಲಿಯಲ್ಲಿ ನಿಂತು ಆಯಮ್ಮ ಎಲ್ಲವನ್ನೂ ಹೇಳಿಬಿಡುತ್ತಾರೆ. ಪೆನ್ಸಿಲ್ ಸಿಪ್ಪೆ, ನಗುವ ಐದನೇ ತರಗತಿ, ಬೋರ್ಡಿನ ಮೇಲಿನ ಎರಡು ಉತ್ತರ, ಕೊನೆಗೆ ನೆಲ ತೊಳೆದದ್ದು. ಮಗಳಿಗೆ ಇದು ಹೊಸದು. ಗೇಟಿನ ಕಾಗದವನ್ನು ಅವಳೂ ಓದಿದ್ದಳು, ಅದರ ಹಿಂದೆ ತಾಯಿಯ ಕೈ ಇದೆ ಎಂದು ಅವಳಿಗೇನು ಗೊತ್ತು.

"ನನಗೆ ಗೊತ್ತಾಗ್ತಿಲ್ಲ ಕಣೇ," ಎನ್ನುತ್ತಾರೆ ಆಯಮ್ಮ. "ಹೂಂ ಅಂದು ನಾಳೆ ಮಗೂಗೆ ಏನೂ ಬರದಿದ್ರೆ? ಉಹೂಂ ಅಂದ್ರೆ, ಆ ಟೀಚರ ಮುಖ ಹೇಗೆ ನೋಡ್ಲಿ?"

ಮಗಳು ಗಡಿಯಾರ ನೋಡುತ್ತಾಳೆ. "ನೀನು ತೊಳೆದ ಮೇಲೆ ಟೀಚರ್ ಏನು ಮಾಡಿದ್ರು?"

"ಏನ್ ಮಾಡ್ತಾರೆ ಪಾಪ. ಅಧಿಕಾರಿಗಳು ಬಂದುಹೋದ ಮಾರನೇ ದಿನ ಮಕ್ಕಳ ಕೈಗೆ ಚಾಕ್ ಕೊಟ್ಟು, ಮತ್ತೆ ಬರೀರಿ ಅಂದ್ರು."

"ಬರೆದ್ರಾ?"

"ಬರೆದ್ರು."

"ಯಾವುದನ್ನ ನೋಡಿ ಬರೆದ್ರು?"

"ನೋಡೋಕೆ ಏನಿತ್ತು? ನಾನೇ ಎಲ್ಲ ಉಜ್ಜಿ ಹಾಕಿದ್ನಲ್ಲ."

"ಎಷ್ಟು ದಿನ ಹಿಡೀತು?"

"ದಿನ ಎಲ್ಲಿ? ಮೊದಲ ಸಲ ನಲವತ್ತು ದಿನ ಹಿಡಿದಿತ್ತು. ಈ ಸಲ ಊಟದ ಬೆಲ್ಲಾದ ಮೇಲೆ ಕೂತ್ರು, ಮನೆಗೆ ಹೋಗೋ ಬೆಲ್ಲಿಗೆ ಮುಗಿಸಿದ್ರು. ಬೀದಿ, ಹೆಜ್ಜೆ, ಎಲ್ಲ."

ಮಗಳು ತಾಯಿಯ ಮುಖವನ್ನೇ ನೋಡುತ್ತಾಳೆ. ಮಗುವಿನ ಕೆದರಿದ ಕೂದಲನ್ನು ಅಂಗೈಯಿಂದ ಸವರಿ, ಚೀಲದಿಂದ ಜನನ ಪತ್ರ ತೆಗೆದು, ಹೆಡ್‌ಮೇಷ್ಟ್ರ ಕೋಣೆಯ ಕಡೆಗೆ ಹೊರಡುತ್ತಾಳೆ. ಆಯಮ್ಮ ಹಿಂದಿನಿಂದ, "ಏಯ್, ನಾನಿನ್ನೂ ಹೂಂ ಅಂದಿಲ್ವಲ್ಲೇ," ಎನ್ನುತ್ತಾರೆ. ಒಂದು ಗಂಟೆಗೆ ಹದಿನೈದು ನಿಮಿಷ ಇರುವಾಗ ಪಟ್ಟಿಯ ಕೊನೆಯ ಸಾಲಿನಲ್ಲಿ ಮೊಮ್ಮಗಳ ಹೆಸರು ಬೀಳುತ್ತದೆ.

ಮಗಳಿಗೆ ಏನು ಅರ್ಥವಾಯಿತೆಂದು ಆಯಮ್ಮನಿಗೆ ಇನ್ನೂ ಪೂರ್ತಿ ತಿಳಿದಿಲ್ಲ. ಎರಡು ದಿನ ಯೋಚಿಸಿದ್ದಾರಂತೆ, ಸ್ವಲ್ಪ ಸ್ವಲ್ಪ ಹೊಳೆಯುತ್ತಿದೆಯಂತೆ. ಶಾಲೆಗೆ ಹೊಸ ಪೈಪು ಬೇಕೇ, ಕೆಲಸಕ್ಕೆ ಇನ್ನೊಬ್ಬರು ಬೇಕೇ ಎಂದರೆ, ಕೊಟ್ಟರೆ ಬೇಡ ಅನ್ನಲ್ಲ, ಎಂದು ನಗುತ್ತಾರೆ. ನಿಮಗಾಗಿ ಏನು ಬೇಕು ಎಂದು ಕೇಳಿದಾಗ ಮಾತ್ರ ಪೊರಕೆಯನ್ನು ಗೋಡೆಗೆ ಒರಗಿಸುತ್ತಾರೆ.

"ಮುಂದಿನ ವರ್ಷಾನೂ ಆ ಅಧಿಕಾರಿಗಳು ಕಾಗದ ಹಿಡ್ಕೊಂಡು ಬರ್ತಾರಂತೆ. ಬರೋ ಹಿಂದಿನ ದಿನ ನನಗೊಂದು ರಜೆ ಬೇಕು. ಗೇಟಿನ ಬೀಗದಕೈನೂ ಬೇರೆಯವರ ಹತ್ತಿರ ಇರಲಿ, ನನ್ನ ಕೈ ಸುಮ್ನಿರಲ್ಲ. ಗುಡಿಸದೇ ಇರೋ ಶಾಲೆನ ಒಂದ್ಸಲ ನೋಡ್ಲಿ ಅವರು. ನನ್ನ ಮೊಮ್ಮಗಳೂ ಅಲ್ಲೆಲ್ಲೋ ಏನೋ ಬರೆದಿರ್ತಾಳೆ."