ಮುಹೂರ್ತಕ್ಕೆ ಮುನ್ನ ಗೇಟಿನ ಬಳಿ

2024ರ ಫೆಬ್ರವರಿ 11, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಮೂವತ್ತೆಂಟು ನಿಮಿಷಕ್ಕೆ, ಕೆಂಗೇರಿ ಬಳಿಯ ಉಲ್ಲಾಳದ ಆಚೆಗಿನ ಮಾವಿನ ತೋಪೊಂದರಲ್ಲಿ ನಡೆಯುತ್ತಿದ್ದ ಮದುವೆಯಿಂದ ಛಾಯಾಗ್ರಾಹಕಿ ಶಶಿಕಲಾ ಅವರನ್ನು ಹೊರಗೆ ಕಳುಹಿಸಿದರು. ಮುಹೂರ್ತಕ್ಕೆ ಇನ್ನೂ ಹದಿನೇಳು ನಿಮಿಷ ಬಾಕಿಯಿತ್ತು. ಆರು ದಿನಗಳ ಬಳಿಕ, ಆ ಮದುವೆಯ ಏರ್ಪಾಡು ವಹಿಸಿಕೊಂಡಿದ್ದ ‘ಹಸಿರುಹಂದರ’ ಎಂಬ ಸಂಸ್ಥೆಯವರು ತಮ್ಮ ಅಂತರ್ಜಾಲ ಪುಟದಲ್ಲಿ ಹೀಗೆ ಬರೆದರು: “ನಮ್ಮ ಛಾಯಾಗ್ರಾಹಕಿ ಶಶಿಕಲಾ ಅವರು ವೈಯಕ್ತಿಕ ಕಾರಣದಿಂದ ಮುಹೂರ್ತಕ್ಕೆ ಮುನ್ನವೇ ತೆರಳಿದ್ದರಿಂದ ಧಾರೆಯ ಚಿತ್ರಗಳು ಲಭ್ಯವಿಲ್ಲ.” ಈ ವಾಕ್ಯದಲ್ಲಿ ನಿಜವಿರುವುದು ಕೊನೆಯ ಮೂರು ಪದಗಳಲ್ಲಿ ಮಾತ್ರ.

ಶಶಿಕಲಾ ಹುಟ್ಟಿದ್ದು ಉಲ್ಲಾಳದಲ್ಲೇ, 1972ರಲ್ಲಿ. ಆಗ ಅದಿನ್ನೂ ಹಳ್ಳಿ. ತಂದೆ ಬೈರಯ್ಯ ಮೈಸೂರು ರಸ್ತೆಯ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸದವರು. 1994ರಲ್ಲಿ ಆರ್‌ಪಿಸಿ ಲೇಔಟಿನ ರವಿಕುಮಾರ್ ಅವರನ್ನು ಮದುವೆಯಾಗಿ ಬಂದಾಗ ಆಕೆಗೆ ಕ್ಯಾಮೆರಾ ಎಂದರೆ ಶಾಲೆಯ ಗ್ರೂಪ್ ಫೋಟೋ ತೆಗೆಯುವ ಪೆಟ್ಟಿಗೆ, ಅಷ್ಟೇ. ರವಿಕುಮಾರರಿಗೆ ಮುಖ್ಯರಸ್ತೆಯಲ್ಲೊಂದು ಸ್ಟುಡಿಯೋ ಇತ್ತು. ಅದರ ಹಿಂಬದಿಯಲ್ಲಿ ಕೆಂಪು ದೀಪದ ಕತ್ತಲೆ ಕೋಣೆ. ಮಧ್ಯಾಹ್ನದ ಊಟ ಕೊಡಲು ಹೋದವರು ಅಲ್ಲೇ ನಿಂತು, ಟ್ರೇಯಲ್ಲಿ ಮುಳುಗಿದ ಬಿಳಿ ಕಾಗದದ ಮೇಲೆ ಮೊದಲು ಕೂದಲು, ಆಮೇಲೆ ಹುಬ್ಬು, ಕಡೆಗೆ ಕಣ್ಣು ಮೂಡಿಬರುವುದನ್ನು ನೋಡಿದರು. ಮರುದಿನದಿಂದ ಊಟದ ಡಬ್ಬಿ ಅರ್ಧ ಗಂಟೆ ಮುಂಚಿತವಾಗಿ ಹೊರಡತೊಡಗಿತು. ಎರಡೇ ವರ್ಷದಲ್ಲಿ ತೊಳೆಯುವುದು, ಒಣಗಿಸುವುದು, ಗೀರು ತಿದ್ದುವುದು ಎಲ್ಲವೂ ಆಕೆಯ ಕೈಗೆ ಬಂತು. ದಂಪತಿಗೆ ಮಕ್ಕಳಾಗಲಿಲ್ಲ.

2003ರ ಆಗಸ್ಟ್ 9ರಂದು, ಎದೆ ಹಿಡಿದಂತಾಗುತ್ತಿದೆ ಎಂದು ಅಂಗಡಿಯ ಮೆಟ್ಟಿಲ ಮೇಲೆ ಕುಳಿತ ರವಿಕುಮಾರ್ ಮತ್ತೆ ಏಳಲಿಲ್ಲ. ವಯಸ್ಸು ನಲವತ್ತೊಂದು. ಅವರು ಒಪ್ಪಿಕೊಂಡಿದ್ದ ಒಂದು ಮದುವೆ ನವೆಂಬರಿನಲ್ಲಿ, ರಾಜಾಜಿನಗರದ ಛತ್ರವೊಂದರಲ್ಲಿತ್ತು. ಗಂಡ ಕೊಟ್ಟ ಮಾತು ಉಳಿಯಲೆಂದು ಶಶಿಕಲಾ ಕ್ಯಾಮೆರಾ ಹೊತ್ತು ಹೋದರು. ವೇದಿಕೆಯ ಮೆಟ್ಟಿಲ ಬಳಿ ವರನ ತಂದೆ ಅಡ್ಡ ನಿಂತರು.

“ತಪ್ಪು ತಿಳ್ಕೋಬೇಡಮ್ಮ. ಫೋಟೋ ನೀನೇ ತೆಗಿ, ಬೇಡ ಅನ್ನಲ್ಲ. ಸ್ಟೇಜ್ ಹತ್ರ ಮಾತ್ರ ಬರ್ಬೇಡ.”

ಅವರ ದನಿಯಲ್ಲಿ ಕೋಪವಿರಲಿಲ್ಲ, ಸಂಕೋಚವಿತ್ತು. ಕೋಪವಿದ್ದಿದ್ದರೆ ಜಗಳವಾಡಬಹುದಿತ್ತು. ಶಶಿಕಲಾ ವೇದಿಕೆಯನ್ನು ಸಹಾಯಕ ಭರಮಪ್ಪನಿಗೆ ಬಿಟ್ಟುಕೊಟ್ಟು ಹಿಂದಕ್ಕೆ ಹೋದರು. ಹಿಂದೆ ಎಂದರೆ ಉಗ್ರಾಣ, ಅಡುಗೆಮನೆ, ಮೆಟ್ಟಿಲ ಕೆಳಗಿನ ಕತ್ತಲು. ಅಲ್ಲಿ ವಧುವಿನ ಅಜ್ಜಿ ಬೆಲ್ಲದ ಅಚ್ಚುಗಳ ನಡುವೆ ಕುಳಿತು, ಒಬ್ಬರೇ, ಬಾಯಲ್ಲಿ ಸೋಬಾನೆ ಗುನುಗುತ್ತಿದ್ದರು. ತಿಂಗಳ ನಂತರ ಆಲ್ಬಮ್ ಕೊಟ್ಟಾಗ ಆ ಮನೆಯವರು ವೇದಿಕೆಯ ಚಿತ್ರಗಳನ್ನು ಬೇಗ ಬೇಗ ಮಗುಚಿ, ಆ ಅಜ್ಜಿಯ ಚಿತ್ರದ ಬಳಿ ನಿಂತುಬಿಟ್ಟರು. ಮೆಟ್ಟಿಲ ಬಳಿ ತಡೆದಿದ್ದ ಆ ತಂದೆಯೇ ಅದರ ಇನ್ನೊಂದು ಪ್ರತಿ ಕೇಳಿದರು.

ಅಲ್ಲಿಂದ ಮುಂದೆ ಶಶಿಕಲಾ ಅವರ ಕೆಲಸದ ರೀತಿಯೇ ಬೇರೆಯಾಯಿತು. ‘ನಗಿ’ ಎಂದು ಅವರು ಯಾರಿಗೂ ಹೇಳಿದವರಲ್ಲ. ಮದುವೆಯ ಮನೆಗೆ ಹೋದರೆ ಮೊದಲು ಕ್ಯಾಮೆರಾವನ್ನು ಮಡಿಲಲ್ಲಿಟ್ಟು ಹೆಂಗಸರ ನಡುವೆ ಕುಳಿತು ಕೆಲಸಕ್ಕೆ ಕೈ ಹಾಕುವರು. ಅವರೆಕಾಯಿಯ ಕಾಲವಾದರೆ ಬೇಳೆ ಹಿಸುಕುವುದು. ಇಲ್ಲವಾದರೆ ಬೆಳ್ಳುಳ್ಳಿ ಸುಲಿಯುವುದು, ವೀಳ್ಯದೆಲೆ ಒರೆಸುವುದು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಆಕೆ ಯಾರೆಂಬುದನ್ನೇ ಜನ ಮರೆಯುವರು. ಅತ್ತೆ-ಸೊಸೆ ಒಬ್ಬರನ್ನೊಬ್ಬರು ಚುಚ್ಚುವುದು, ಚಿಕ್ಕಪ್ಪ ಕಂಬದ ಮರೆಯಲ್ಲಿ ಕಣ್ಣೊರೆಸಿಕೊಳ್ಳುವುದು, ಎಲ್ಲವೂ ಆಮೇಲೆ ತಾನಾಗಿ ಸಿಗುವುದು. 2012ರ ಸುಮಾರಿಗೆ ಛತ್ರ ಬಿಟ್ಟು ಕೆಂಗೇರಿ, ಉಲ್ಲಾಳದ ಕಡೆಯ ತೋಟಗಳಲ್ಲಿ, ಮರದ ನೆರಳಲ್ಲಿ ಮದುವೆಯಾಗುವ ರೂಢಿ ಬಂತು. ಸಾಲಾಗಿ ನಿಂತು ಕ್ಯಾಮೆರಾ ನೋಡುವುದು ಯಾರಿಗೂ ಬೇಡವಾಯಿತು. ಶಶಿಕಲಾ ಹತ್ತು ವರ್ಷದಿಂದ ಮಾಡುತ್ತಿದ್ದುದಕ್ಕೆ ಈಗ ‘ಕ್ಯಾಂಡಿಡ್’ ಎಂಬ ಹೆಸರು ಸಿಕ್ಕಿತು, ಬೇಡಿಕೆಯೂ ಹೆಚ್ಚಿತು.

ಆದರೂ ಒಂದು ಸಂಗತಿ ಬದಲಾಗಲಿಲ್ಲ. ಇಪ್ಪತ್ತು ವರ್ಷಗಳಲ್ಲಿ ಮುನ್ನೂರಕ್ಕೂ ಹೆಚ್ಚು ಮದುವೆಗಳಿಗೆ ಹೋದ ಶಶಿಕಲಾ ಒಂದು ಧಾರೆಯ ಚಿತ್ರವನ್ನೂ ತೆಗೆಯಲಿಲ್ಲ. ಗಟ್ಟಿಮೇಳದ ಹೊತ್ತಿಗೆ, ಯಾರೂ ಹೇಳುವ ಮೊದಲೇ, ತಾವಾಗಿಯೇ ಹಿಂದಕ್ಕೆ ಸರಿಯುತ್ತಿದ್ದರು. ಹೇಳಿಸಿಕೊಳ್ಳುವುದಕ್ಕಿಂತ ಸರಿಯುವುದು ಮೇಲೆಂದು ಅವರ ಎಣಿಕೆ.

ಈ ಕಟ್ಟು ಮುರಿದವಳು ಪಕ್ಕದ ಮನೆಯ ಸ್ಮೃತಿ. ವೆಂಕಟಗಿರಿ ಮತ್ತು ಕೋಕಿಲಾ ದಂಪತಿಯ ಒಬ್ಬಳೇ ಮಗಳು. ಅವಳು ಅಂಬೆಗಾಲಿಟ್ಟಿದ್ದು, ಹಲ್ಲು ಬಿದ್ದಿದ್ದು, ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಕಾಂಪೌಂಡಿನ ಮೇಲೆ ಕುಳಿತು ಅತ್ತಿದ್ದು ಎಲ್ಲವೂ ಶಶಿಕಲಾ ಅವರ ಕ್ಯಾಮೆರಾದಲ್ಲಿದೆ. ತಾಯಿ ಕಚೇರಿಗೆ ಹೋದ ದಿನಗಳಲ್ಲಿ ಅವಳಿಗೆ ಸಂಜೆಯ ತಿಂಡಿ ಈ ಮನೆಯಲ್ಲೇ. ಮಹಾಲಕ್ಷ್ಮಿ ಲೇಔಟಿನ ಕಶ್ಯಪ್‌ನೊಂದಿಗೆ ಮದುವೆ ಗೊತ್ತಾಗಿ, ಕರೆಯೋಲೆ ಅಚ್ಚಾದ ವಾರವೇ ಅವಳು ಸ್ಟುಡಿಯೋಗೆ ಬಂದಳು.

“ಆಂಟಿ, ಹಸಿರುಹಂದರದವರಿಗೆ ಹೇಳ್ಬಿಟ್ಟಿದೀನಿ. ಫೋಟೋ ನೀವೇ. ಬೇರೆ ಯಾರೂ ಬೇಡ.”

“ಆಯ್ತು ಕಣೇ. ಧಾರೆಗೆ ಒಬ್ಬ ಹುಡುಗನ್ನ ಕರ್ಕೊಂಡು ಬರ್ತೀನಿ.”

“ಯಾವ ಹುಡುಗ? ಧಾರೆನೂ ನೀವೇ. ಮುಂದೆ, ನನ್ನ ಎದುರಿಗೆ ನಿಂತು.”

“ನಿಮ್ಮತ್ತೆ ಮನೆಯವ್ರು ಏನಂತಾರೋ...”

“ಏನೂ ಅನ್ನಲ್ಲ. ಇನ್ವಿಟೇಷನ್ ನೋಡಿದ್ರಾ? ‘ಶಾಸ್ತ್ರ ಕಡಿಮೆ, ಸಂತೋಷ ಜಾಸ್ತಿ’ ಅಂತ ಹಾಕ್ಸಿದೀವಿ. ನೀವು ಸುಮ್ನೆ ಒಳ್ಳೆ ಸೀರೆ ಉಟ್ಕೊಂಡ್ ಬನ್ನಿ.”

ಅಂದು ಸಂಜೆ ಶಶಿಕಲಾ ಮಸೂರಗಳನ್ನು ಎರಡೆರಡು ಸಲ ಒರೆಸಿದರು. ಧಾರೆ ತೆಗೆಯುವುದು ಹೇಗೆಂದು ಭರಮಪ್ಪನಿಗೆ ಫೋನ್ ಮಾಡಿ ಕೇಳಿದರು. “ಏನಕ್ಕಾ, ನನ್ನ ಕೇಳ್ತೀರಾ? ನೀವೇ ಕಲಿಸಿದ್ದಲ್ವಾ!” ಎಂದು ಅವನು ನಕ್ಕ. “ಕಲಿಸಿದ್ದೀನಿ ಕಣೋ, ತೆಗ್ದಿಲ್ಲ” ಎಂದರು ಶಶಿಕಲಾ.

ಮದುವೆಯ ದಿನ ತೋಪಿನಲ್ಲಿ ಮಾವು ಹೂಬಿಟ್ಟಿತ್ತು. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಶಶಿಕಲಾ, ಎಂದಿನಂತೆ, ವರನ ಕಡೆಯ ಹೆಂಗಸರ ನಡುವೆ ಕುಳಿತು ತಾಂಬೂಲದ ಚೀಲಗಳಿಗೆ ಅಡಿಕೆ ತುಂಬಿಸುತ್ತ ಮಾತಿಗಿಳಿದರು. ವರನ ಸೋದರತ್ತೆ, “ನಿಮ್ಮೆಜಮಾನ್ರು ಎಲ್ಲಿದಾರೆ?” ಎಂದರು. “ಹೋಗಿ ಇಪ್ಪತ್ತು ವರ್ಷ ಆಯ್ತಮ್ಮ.” ಅದಕ್ಕೆ ಆಕೆ “ಅಯ್ಯೋ ಪಾಪ” ಎಂದು ಮರುಗಿ, ಇನ್ನೆರಡು ಇಡ್ಲಿ ಬಡಿಸಿದರು.

ಹತ್ತೂವರೆಗೆ ಮಾಂಗಲ್ಯದ ತಟ್ಟೆ ಹೊರಟಿತು. ಅಕ್ಕಿ, ಅಕ್ಕಿಯ ಮೇಲೆ ತೆಂಗಿನಕಾಯಿ, ಕಾಯಿಗೆ ಸುತ್ತಿದ ಅರಿಶಿನದ ದಾರದಲ್ಲಿ ಮಾಂಗಲ್ಯ. ಕಟ್ಟುವ ಮೊದಲು ಅದನ್ನು ಸಭೆಯಲ್ಲಿ ಒಯ್ದರೆ ಹಿರಿಯರು ಮುಟ್ಟಿ ಹರಸುವುದು ಪದ್ಧತಿ. ತಟ್ಟೆ ಹಿಡಿದವರು ವಧುವಿನ ತಾಯಿ ಕೋಕಿಲಾ. ಶಶಿಕಲಾ ಅವರಿಗೆ ಇದು ಪ್ರಿಯವಾದ ಘಳಿಗೆ: ಮುಖಗಳನ್ನು ಬಿಟ್ಟು ಕೈಗಳನ್ನಷ್ಟೇ ತೆಗೆಯುತ್ತ ಹಿಂದಕ್ಕೆ ಹೆಜ್ಜೆಯಿಡುತ್ತಿದ್ದರು. ಸುಕ್ಕಾದ ಕೈ, ಬಳೆ ತುಂಬಿದ ಕೈ, ನಡುಗುವ ಕೈ. ಮೂರನೆಯ ಸಾಲು ಮುಗಿದಾಗ ಕೋಕಿಲಾ ಆಕೆಯ ಮುಂದೆಯೇ ನಿಂತರು. ಕಣ್ಣು ತುಂಬಿತ್ತು.

“ಶಶಿ, ನೀನೂ ಮುಟ್ಟು.”

“ಬೇಡ ಕೋಕಿಲಾ.”

“ಮುಟ್ಟೇ. ನಿನ್ನ ಕೈಯಲ್ಲಿ ಉಂಡು ಬೆಳೆದೋಳು ಅವಳು.”

ಶಶಿಕಲಾ ಕ್ಯಾಮೆರಾವನ್ನು ಪಕ್ಕದ ಕುರ್ಚಿಯ ಮೇಲಿಟ್ಟರು. ಬಲಗೈಯ ಎರಡು ಬೆರಳಿನಿಂದ ಮಾಂಗಲ್ಯ ಮುಟ್ಟಿ, ಕಣ್ಣಿಗೊತ್ತಿಕೊಂಡರು. ಅಷ್ಟೇ ನಡೆದದ್ದು.

“ಅಯ್ಯೋ ಅಯ್ಯೋ! ಯಾರ್ರೀ ಆಯಮ್ಮನ ಕೈಗೆ ಮಾಂಗಲ್ಯ ಕೊಟ್ಟಿದ್ದು?”

ಇಡ್ಲಿ ಬಡಿಸಿದ್ದ ಆ ಸೋದರತ್ತೆಯ ದನಿ ಅದು. ವಾಲಗದವರೂ ನಿಲ್ಲಿಸಿ ನೋಡಿದರು. “ಇಷ್ಟು ಜನ ಇದೀರಿ, ಒಬ್ಬರಿಗೂ ತಿಳಿಯಲ್ವಾ? ಕೋಕಿಲಮ್ಮ, ನೀವೇ ಹೇಳಿ, ಯಾರು ಕೊಟ್ಟಿದ್ದು?”

ಕೋಕಿಲಾ ತಟ್ಟೆಯನ್ನು ಎದೆಗೆ ಹತ್ತಿರ ಎಳೆದುಕೊಂಡರು. ಸುತ್ತ ನೋಡಿದರು. ಬಳಿಕ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: “ನಾನ್ ಕೊಟ್ಟಿಲ್ಲ. ಪಕ್ಕದಲ್ಲಿ ಹೋಗ್ತಿದ್ದೆ, ಅವರೇ ಕೈ ಹಾಕ್ಬಿಟ್ರು.”

ಮೂವತ್ತು ವರ್ಷ ‘ಶಶಿ’ ಎಂದು ಕರೆದ ಬಾಯಲ್ಲಿ ‘ಅವರೇ’ ಎಂಬ ಮಾತು ಬಂತು. ಶಶಿಕಲಾ ಕುರ್ಚಿಯ ಮೇಲಿನ ಕ್ಯಾಮೆರಾ ಎತ್ತಿಕೊಂಡರು. ನಿಜ ಹೇಳಿದ್ದರೆ ಆ ಮದುವೆಯಲ್ಲಿ ವಧುವಿನ ತಾಯಿಯ ಮಾನ ಹೋಗುತ್ತಿತ್ತು. ಮಂಟಪದ ಕಡೆ ನೋಡಿದರು; ಸ್ಮೃತಿ ಇತ್ತಲೇ ನೋಡುತ್ತಿದ್ದಳು, ಬಾಯಿ ತುಸು ತೆರೆದಿತ್ತು, ಆಮೇಲೆ ತಲೆ ಬಗ್ಗಿಸಿದಳು. ಮಾಂಗಲ್ಯವನ್ನು ಅರಿಶಿನದ ನೀರಿನಲ್ಲಿ ತೊಳೆಯಲು ಒಯ್ದರು. ಸಂಸ್ಥೆಯ ಮೇಲ್ವಿಚಾರಕ ಆನಂದ್ ನಗುಮುಖದಿಂದಲೇ ಬಂದ.

“ಮೇಡಂ, ಒಂದ್ನಿಮಿಷ ಹೀಗೆ ಬನ್ನಿ. ಗೆಸ್ಟ್ ಸೆಂಟಿಮೆಂಟ್ ಮೇಡಂ, ನಮ್ದೇನಿಲ್ಲ. ಧಾರೆ ಮುಗಿಯೋವರ್ಗೂ ಗೇಟ್ ಹತ್ರ ಕೂತಿರಿ. ಆಮೇಲೆ ನಾನೇ ಕರೀತೀನಿ.”

“ಧಾರೆ ಯಾರು ತೆಗೀತಾರೆ?”

“ಮ್ಯಾನೇಜ್ ಮಾಡ್ತೀವಿ ಮೇಡಂ.”

ಗೇಟಿನ ಕಾವಲುಗಾರ ಫಕೀರೇಶ, ಗದಗದ ಕಡೆಯವನು, ಬರುವ ಹೋಗುವ ಪ್ರತಿಯೊಬ್ಬರನ್ನೂ ಪುಸ್ತಕದಲ್ಲಿ ಬರೆಯುವ ಶಿಸ್ತಿನವನು. “ಯಾಕ್ರೀ ಅಕ್ಕಾರ, ಮುಹೂರ್ತ ಇನ್ನಾ ಆಗಿಲ್ಲಲ್ರೀ?” ಎಂದು ಕೇಳಿದ. ಶಶಿಕಲಾ, “ಆನಂದ್ ಇಲ್ಲೇ ಕೂರೋಕೆ ಹೇಳಿದಾರಪ್ಪ” ಎಂದರು. ಅವನು ತನ್ನ ಕುರ್ಚಿಯನ್ನು ಕೊಟ್ಟು, ಗಡಿಯಾರ ನೋಡಿ ಬರೆದುಕೊಂಡ: ‘10.38. ಫೋಟೋದ ಅಕ್ಕ. ಆನಂದ್ ಸಾಹೇಬರು ಹೊರಗ ಕೂಡಿಸಲಿಕ್ಕೆ ಹೇಳ್ಯಾರ.’

ಹತ್ತು ಐವತ್ತೈದಕ್ಕೆ ಗಟ್ಟಿಮೇಳ ಕೇಳಿಸಿತು. ಅಕ್ಷತೆ ಹಾಕುವ ಹೊತ್ತು; ಕೈಯಲ್ಲಿ ಅಕ್ಷತೆ ಇರಲಿಲ್ಲ. ಶಶಿಕಲಾ ಕುರ್ಚಿಯಿಂದ ಎದ್ದು ನಿಂತರು. ಫಕೀರೇಶನೂ ಟೋಪಿ ತೆಗೆದು ನಿಂತ. ಮೇಳ ನಿಂತ ಮೇಲೂ ಆಕೆಗೆ ಕೂರಬೇಕೆಂದು ತೋಚಲಿಲ್ಲ. ಆನಂದ್ ಬಂದದ್ದು ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ. ಊಟಕ್ಕೆ ಕರೆಯಲು ಅಲ್ಲ, ಕ್ಯಾಮೆರಾದ ಮೆಮೊರಿ ಕಾರ್ಡ್ ಕೇಳಲು.

ಧಾರೆಯ ಚಿತ್ರ ಎಲ್ಲಿ ಎಂದು ವರನ ಕಡೆಯವರು ಅಂತರ್ಜಾಲ ಪುಟದಲ್ಲಿ ಆಕ್ಷೇಪಿಸಿದಾಗ, ಸಂಸ್ಥೆಯವರು ಮೇಲೆ ಹೇಳಿದ ವಾಕ್ಯವನ್ನು ಬರೆದರು. ಅದನ್ನು ಓದಿ ಮಾರ್ಚಿನೊಳಗೆ ಮೂರು ಮನೆಯವರು ಶಶಿಕಲಾ ಅವರನ್ನು ಬೇಡವೆಂದರು. ಒಬ್ಬರು ಬಾಯಿಬಿಟ್ಟೇ ಹೇಳಿದರು: “ಮುಹೂರ್ತದ ಟೈಮಲ್ಲಿ ಬಿಟ್ಟು ಹೋಗೋರನ್ನ ಹ್ಯಾಗಮ್ಮ ನಂಬೋದು?” ಮಾರ್ಚ್ 4ರಂದು, ಫಕೀರೇಶ ಕಳುಹಿಸಿದ ಪುಸ್ತಕದ ಪುಟದ ಪ್ರತಿಯೊಂದಿಗೆ, ಆಕೆ ಸಂಸ್ಥೆಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಬರೆದರು. ಸ್ವೀಕೃತಿಯ ಚೀಟಿ ಸಹಿಯೊಂದಿಗೆ ಮರಳಿತು. ಉತ್ತರ ಬರಲಿಲ್ಲ. ಜೂನ್ 10ರ ಎರಡನೆಯ ಪತ್ರಕ್ಕೂ ಅದೇ ಗತಿ.

ಪಕ್ಕದ ಮನೆಯಿಂದ ಯುಗಾದಿಗೆ ಹೋಳಿಗೆ ಬಂತು, ಕೆಲಸದವಳ ಕೈಯಲ್ಲಿ. ಮಾತು ಬರಲಿಲ್ಲ. ಸೆಪ್ಟೆಂಬರ್ 6ರ ಗೌರಿ ಹಬ್ಬಕ್ಕೆ ತವರಿಗೆ ಬಂದ ಸ್ಮೃತಿ, ತಾಯಿ ಪೂಜೆಯಲ್ಲಿದ್ದಾಗ, ಈ ಮನೆಯ ಬಾಗಿಲಿಗೆ ಬಂದು ಹೊಸ್ತಿಲಾಚೆಯೇ ನಿಂತಳು.

“ಆಂಟಿ, ಅವತ್ತು ನಾನು ಮಾತಾಡ್ಬೇಕಿತ್ತು.”

“ಮದುವೆ ಹೆಣ್ಣು ಮಾತಾಡೋ ದಿನ ಅಲ್ಲ ಕಣೇ ಅದು.”

“ಅಮ್ಮನೇ ತಟ್ಟೆ ಚಾಚಿದ್ದು. ನಾನು ನೋಡ್ದೆ.”

ಶಶಿಕಲಾ ಹೊಸ್ತಿಲ ಬಳಿಗೆ ಬಂದರು. ಏಳು ತಿಂಗಳು ಆಕೆ ಒಂದೇ ಮಾತನ್ನು ಮನಸ್ಸಿನಲ್ಲಿ ಮಗುಚುತ್ತಿದ್ದರು: ಒಂದು ವೇಳೆ ತಾನೇ ಕೈ ಹಾಕಿದೆನೇ? ಕೋಕಿಲಾ ಹೇಳಿದ್ದೇ ನಿಜವೇ?

“ನೋಡಿದ್ಯಾ? ಸರಿಯಾಗಿ ನೋಡಿದ್ಯಾ?”

“ನೋಡ್ದೆ ಆಂಟಿ. ನೀವು ಬೇಡ ಅಂದಿದ್ದೂ ಕಾಣಿಸ್ತು.”

“ಹಾಗಾದ್ರೆ ಅದನ್ನ ಎಲ್ಲಾದ್ರೂ ಹೇಳ್ತೀಯಾ?”

ಸ್ಮೃತಿ ಅತ್ತಳು. ಹೇಳುತ್ತೇನೆ ಎನ್ನಲಿಲ್ಲ. ಒಳಗಿನಿಂದ ತಾಯಿ ಕರೆದಾಗ ಮುಖ ಒರೆಸಿಕೊಂಡು ಹೋದಳು.

ಡಿಸೆಂಬರಿನಲ್ಲಿ ಕೆಂಗೇರಿಯ ಒಂದು ಜೋಡಿ, ಸಂಸ್ಥೆಯ ಪುಟವನ್ನು ಓದದವರು, ಶಶಿಕಲಾ ಅವರನ್ನು ಕರೆದರು. ಆಕೆ ಬೆಳಿಗ್ಗೆ ಆರಕ್ಕೇ ಬಸ್ಸು ಹಿಡಿದು ಆ ತೋಟದ ಗೇಟಿನವರೆಗೆ ಹೋದರು. ಒಳಗೆ ಹೆಂಗಸರು ವೀಳ್ಯದೆಲೆ ಜೋಡಿಸುತ್ತ ಕುಳಿತದ್ದು ಕಾಣುತ್ತಿತ್ತು. ಹೋಗಿ ನಡುವೆ ಕೂರುವುದಷ್ಟೇ ಬಾಕಿ. ಆಕೆ ಗೇಟು ದಾಟಲಿಲ್ಲ. ಭರಮಪ್ಪನಿಗೆ ಫೋನ್ ಮಾಡಿ, ಅವನು ಬರುವವರೆಗೆ ರಸ್ತೆಯ ಬದಿಯಲ್ಲೇ ಕಾದು, ಕ್ಯಾಮೆರಾವನ್ನು ಅವನ ಕೈಗಿತ್ತು ಮರಳಿದರು. ಅಂದಿನಿಂದ ಯಾವ ಮದುವೆಗೂ ಹೋಗಿಲ್ಲ. ಮುಹೂರ್ತಕ್ಕೆ ಮುನ್ನವೇ ತೆರಳಿದರೆಂಬ ಆ ವಾಕ್ಯ ಆಗ ಸುಳ್ಳಾಗಿತ್ತು. ಈಗ ಆಕೆ ಅದನ್ನು ನಿಜ ಮಾಡುವ ಸ್ಥಿತಿಗೆ ಬಂದಿದ್ದಾರೆ.

ಹಸಿರುಹಂದರದ ಮಾಲೀಕರೇ, ನಿಮ್ಮ ಪುಟದಿಂದ ಆ ವಾಕ್ಯವನ್ನು ತೆಗೆದರಷ್ಟೇ ಸಾಲದು. ಅದು ಇದ್ದ ಜಾಗದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಹತ್ತು ಗಂಟೆ ಮೂವತ್ತೆಂಟು ನಿಮಿಷಕ್ಕೆ ಆಕೆಯನ್ನು ಹೊರಗೆ ಕೂರಿಸಿದವರು ನಿಮ್ಮವರೆಂದು ಬರೆಯಿರಿ. ಎರಡು ಪತ್ರಗಳಿಗೂ ಸಹಿ ಹಾಕಿ ಉತ್ತರಿಸಿರಿ. ವರನ ಮನೆಯ ಹಿರಿಯರೇ, ಶಾಸ್ತ್ರ ಕಡಿಮೆ ಎಂದು ಅಚ್ಚು ಹಾಕಿಸಿದವರು ನೀವು. ಆಕೆಯ ಮನೆಗೆ ಹೋಗಿ ಕ್ಷಮೆ ಕೇಳಿರಿ. ಮತ್ತು ಕೋಕಿಲಾ ಅವರೇ, ನಿಮಗೂ ಆ ಮನೆಗೂ ನಡುವೆ ಒಂದೇ ಗೋಡೆ ಇರುವುದು. ಅಂದು ಸಭೆಯಲ್ಲಿ ಎಲ್ಲರಿಗೂ ಕೇಳುವಂತೆ ಸುಳ್ಳು ಹೇಳಿದಿರಿ. ಆ ತಟ್ಟೆಯನ್ನು ಚಾಚಿದ್ದು ನೀವೇ ಎಂದು ಅದೇ ಜನಕ್ಕೆ, ಅಷ್ಟೇ ಗಟ್ಟಿಯಾಗಿ, ಆಕೆ ಬದುಕಿರುವಾಗಲೇ ಹೇಳಿರಿ.